ಹೂವರ್ ಕಂಬಳಿ: ದೇಶದ ಕಷ್ಟದಲ್ಲಿ ಅಧ್ಯಕ್ಷರ ಪಾಲು ಎಷ್ಟು?

1930ರ ದಶಕದ ಆರಂಭದಲ್ಲಿ ಅಮೆರಿಕದ ಬೀದಿಗಳಲ್ಲಿ ಮಲಗುತ್ತಿದ್ದವರು ಚಳಿಗೆ ಹಳೇ ಪೇಪರ್ ಹೊದ್ದುಕೊಳ್ಳುತ್ತಿದ್ದರು. ಅದಕ್ಕೆ ಜನ ಇಟ್ಟ ಹೆಸರು ‘ಹೂವರ್ ಕಂಬಳಿ’. ಖಾಲಿ ಜೇಬನ್ನು ಹೊರಗೆಳೆದು ನೇತಾಡಿಸಿದರೆ ಅದು ‘ಹೂವರ್ ಬಾವುಟ’. ಪೆಟ್ರೋಲಿಗೆ ಕಾಸಿಲ್ಲ ಅಂತ ಕಾರಿಗೆ ಹೇಸರಗತ್ತೆ ಕಟ್ಟಿ ಎಳೆಸಿದರೆ ‘ಹೂವರ್ ಬಂಡಿ’. ತಗಡು, ರಟ್ಟು, ಹಲಗೆ ಜೋಡಿಸಿ ಊರಂಚಿನಲ್ಲಿ ಎದ್ದ ಜೋಪಡಿಗಳ ಕೇರಿಗೆ ‘ಹೂವರ್‌ವಿಲ್’.

ಈ ಕೊನೆಯ ಹೆಸರನ್ನು ಚಲಾವಣೆಗೆ ತಂದವರು ವಿರೋಧ ಪಕ್ಷವಾದ ಡೆಮಾಕ್ರಟಿಕ್ ಪಾರ್ಟಿಯ ಪ್ರಚಾರ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಮೈಕೆಲ್ಸನ್ ಅಂತ ಹೇಳುತ್ತಾರೆ. ಇರಬಹುದು. ಆದರೆ ಪ್ರಚಾರದವರು ಕೊಟ್ಟ ಹೆಸರನ್ನೆಲ್ಲಾ ಜನ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಇದನ್ನು ಹಾಕಿಕೊಂಡರು. ಹಸಿವು, ಚಳಿ, ಸಾಲ, ಎಲ್ಲಕ್ಕೂ ಒಬ್ಬನೇ ಮನುಷ್ಯನ ಹೆಸರು.

ಆ ಮನುಷ್ಯ ಹರ್ಬರ್ಟ್ ಹೂವರ್, ಅಮೆರಿಕದ 31ನೇ ಅಧ್ಯಕ್ಷ. ಅಧಿಕಾರ ವಹಿಸಿಕೊಂಡದ್ದು 1929ರ ಮಾರ್ಚ್ 4ರಂದು. ‘ಮಹಾ ಕುಸಿತ’ ಎಂದು ಹೆಸರಾದ ಆರ್ಥಿಕ ಕುಸಿತದ ಶುರುವಿನಲ್ಲಿ ಷೇರುಪೇಟೆ ಬಿದ್ದದ್ದು ಅದೇ ವರ್ಷದ ಅಕ್ಟೋಬರ್ ಕೊನೆಯ ವಾರ. ನಡುವೆ ಎಂಟು ತಿಂಗಳೂ ಇಲ್ಲ. ಅಷ್ಟರಲ್ಲಿ ಒಬ್ಬ ಮನುಷ್ಯ ಒಂದು ದೇಶವನ್ನು ಹಾಳು ಮಾಡಬಹುದಾ? ಇಲ್ಲ ಅನ್ನುವುದು ಸುಲಭ. ಆದರೆ ಅವರು ಅಲ್ಲಿಂದ ಮುಂದೆ 40 ತಿಂಗಳು ಅದೇ ಕುರ್ಚಿಯಲ್ಲಿ ಕೂತಿದ್ದರು. ಆ 40 ತಿಂಗಳ ಲೆಕ್ಕ ಬೇರೆಯೇ ಇದೆ.

ಆಸಾಮಿ ಯಾರು

ಹೂವರ್ ಹುಟ್ಟಿದ್ದು 1874ರಲ್ಲಿ, ಅಯೋವಾ ರಾಜ್ಯದ ವೆಸ್ಟ್ ಬ್ರಾಂಚ್ ಎಂಬ ಪುಟ್ಟ ಊರಲ್ಲಿ. ತಂದೆ ಕಮ್ಮಾರ. ಹತ್ತು ವರ್ಷ ತುಂಬುವುದರೊಳಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ನೆಂಟರ ಮನೆಯಲ್ಲಿ ಬೆಳೆದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಬ್ಯಾಚಿನಲ್ಲಿ ಓದಿ, ಗಣಿ ಎಂಜಿನಿಯರ್ ಆದರು. ಆಸ್ಟ್ರೇಲಿಯಾ, ಚೀನಾ ಸುತ್ತಿ ನಲವತ್ತರ ಹೊತ್ತಿಗೆ ಭಾರೀ ಶ್ರೀಮಂತರೂ ಆದರು.

ಹೆಸರು ಬಂದದ್ದು ಮಾತ್ರ ದುಡ್ಡಿನಿಂದಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ವಶದಲ್ಲಿದ್ದ ಬೆಲ್ಜಿಯಂನಲ್ಲಿ ಲಕ್ಷಾಂತರ ಜನ ಹಸಿದು ಕೂತಿದ್ದರು. ಅವರಿಗೆ ಊಟ ಮುಟ್ಟಿಸುವ ಏರ್ಪಾಟನ್ನು ಹೂವರ್ ಕಟ್ಟಿ ನಿಲ್ಲಿಸಿದರು. ಆಮೇಲೆ ಅಮೆರಿಕದ ವಾಣಿಜ್ಯ ಸಚಿವರಾದರು. 1927ರಲ್ಲಿ ಮಿಸಿಸಿಪಿ ನದಿ ಉಕ್ಕಿ ಹರಿದಾಗ ಪರಿಹಾರದ ಕೆಲಸಕ್ಕೆ ಇವರೇ ಮುಂದೆ ನಿಂತರು. ಕಷ್ಟ ಅಂದರೆ ಹೂವರ್‌ನ ಕರೀರಿ ಅನ್ನುವ ಕಾಲ ಅದು. 1928ರ ಚುನಾವಣೆಯಲ್ಲಿ ರಾಜ್ಯವಾರು ಲೆಕ್ಕದಲ್ಲಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳಲ್ಲಿ ಇವರಿಗೆ 444 ಬಂದರೆ, ಎದುರಾಳಿ ಆಲ್ ಸ್ಮಿತ್‌ಗೆ ಬರೀ 87.

ಅದೇ ವರ್ಷ ಆಗಸ್ಟಿನಲ್ಲಿ, ಪಕ್ಷದ ಅಭ್ಯರ್ಥಿತನ ಒಪ್ಪಿಕೊಂಡ ಭಾಷಣದಲ್ಲಿ ಹೂವರ್ ಒಂದು ಮಾತು ಹೇಳಿದರು. ಬಡತನದ ಮೇಲೆ ಕೊನೆಯ ಗೆಲುವಿಗೆ ಯಾವ ದೇಶವೂ ಹಿಂದೆಂದೂ ಬಂದಿಲ್ಲದಷ್ಟು ಹತ್ತಿರಕ್ಕೆ ಅಮೆರಿಕ ಬಂದಿದೆ ಎಂದು. ಇವರ ರಿಪಬ್ಲಿಕನ್ ಪಕ್ಷದವರು ಕೊಟ್ಟ ಒಂದು ಜಾಹೀರಾತು ಇನ್ನೂ ಮುಂದೆ ಹೋಗಿ, ಪ್ರತಿ ಮನೆಯ ಪಾತ್ರೆಯಲ್ಲೂ ಕೋಳಿ ಬೇಯುತ್ತದೆ ಎಂದಿತು. ಕೋಳಿಯ ಮಾತು ಹೂವರ್ ಬಾಯಿಂದ ಬಂದದ್ದಲ್ಲ. ಆದರೆ ಮುಂದೆ ಅದೂ ಅವರ ತಲೆಗೇ ಸುತ್ತಿಕೊಂಡಿತು.

ನನ್ನ ಮಟ್ಟಿಗೆ ಹೊಣೆಯ ಮೊದಲ ಕಂತು ಇಲ್ಲಿಂದಲೇ ಶುರು. 1920ರ ದಶಕದ ಒಳ್ಳೆಯ ಕಾಲ ನಮ್ಮ ಪಕ್ಷದ ಆಡಳಿತದ ಫಲ ಅಂತ ಹೇಳಿಯೇ ಇವರು ಓಟು ಕೇಳಿದ್ದು. ಮಳೆ ಬಂದಾಗ ನಮ್ಮಿಂದ ಬಂತು ಅಂದವರು ಬರ ಬಂದಾಗ ನಮಗೇನು ಗೊತ್ತು ಅಂದರೆ ಯಾರು ಕೇಳ್ತಾರೆ?

ಎಷ್ಟು ಬಿತ್ತು

ನ್ಯೂಯಾರ್ಕ್ ಷೇರುಪೇಟೆಯ ಏರಿಳಿತ ಅಳೆಯುವ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್ 3ರಂದು 381ರಲ್ಲಿತ್ತು. 1932ರ ಜುಲೈ 8ರಂದು 41. ನೂರು ಡಾಲರ್ ಹಾಕಿದವನ ಕೈಯಲ್ಲಿ ಹನ್ನೊಂದೂ ಉಳಿಯಲಿಲ್ಲ. ಕೆಲಸ ಇಲ್ಲದವರು 1929ರಲ್ಲಿ ದುಡಿಯುವ ಜನರಲ್ಲಿ ಶೇ 3ರಷ್ಟಿದ್ದರು. 1933ರ ಹೊತ್ತಿಗೆ ಶೇ 25ರ ಹತ್ತಿರ. 1930ರಿಂದ 1933ರ ನಡುವೆ ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು. ಠೇವಣಿಗೆ ಆಗ ವಿಮೆ ಇರಲಿಲ್ಲ. ಬ್ಯಾಂಕು ಹೋದರೆ ದುಡ್ಡೂ ಹೋಯಿತು, ಅಷ್ಟೇ.

ಜನ ಷೇರುಪೇಟೆ ಬಿದ್ದದ್ದನ್ನೇ ನೆನಪಿಟ್ಟುಕೊಂಡಿದ್ದಾರೆ. ಆದರೆ ದೇಶವನ್ನು ನಿಜವಾಗಿ ಮುಳುಗಿಸಿದ್ದು ಬ್ಯಾಂಕುಗಳು. ಆಗಿನ ಅಮೆರಿಕನ್ನರಲ್ಲಿ ಷೇರು ಇಟ್ಟಿದ್ದವರು ಸ್ವಲ್ಪ ಜನ. ಬ್ಯಾಂಕಿನ ಮೇಲೆ ನಿಂತಿದ್ದ ವ್ಯಾಪಾರ, ಹೊಲ, ಸಂಬಳ ಎಲ್ಲರದ್ದು.

ಯಾವ ಕೀಲಿ ಯಾರ ಕೈಯಲ್ಲಿತ್ತು

ಹೊಣೆ ಹಂಚುವಾಗ ನಾನು ಮೊದಲು ನೋಡುವುದು ಇದನ್ನು. ಅಧ್ಯಕ್ಷ ಅಂದರೆ ದೇಶದ ಎಲ್ಲ ಬೀಗದ ಕೀಲಿಗಳೂ ಅವರ ಸೊಂಟದಲ್ಲಿ ಇರುತ್ತವೆ ಅನ್ನುವ ಹಾಗೆ ನಾವು ಮಾತಾಡುತ್ತೇವೆ. 1929ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಇಡೀ ಖರ್ಚು ದೇಶದ ಒಟ್ಟು ಉತ್ಪನ್ನದ ಶೇ 3ರ ಸುಮಾರಿಗಿತ್ತು. ರಾಜ್ಯಗಳು, ಊರಾಡಳಿತಗಳು ಖರ್ಚು ಮಾಡುತ್ತಿದ್ದದ್ದೇ ಅದಕ್ಕಿಂತ ಜಾಸ್ತಿ. ಅಂದರೆ ಕೇಂದ್ರ ಕೈ ಚಾಚಿದರೂ ಅದು ತಲುಪುತ್ತಿದ್ದ ದೂರ ಕಡಿಮೆ.

ಹಣದ ಕೀಲಿ ಇದ್ದದ್ದು ಫೆಡರಲ್ ರಿಸರ್ವ್ ಬಳಿ. ಇದು 1913ರಲ್ಲಿ ಹುಟ್ಟಿದ ಕೇಂದ್ರ ಬ್ಯಾಂಕು. ಅಧ್ಯಕ್ಷರ ಅಪ್ಪಣೆಗೆ ಕಾಯುವ ಸಂಸ್ಥೆ ಅಲ್ಲ. ಅದರಲ್ಲಿ ದೊಡ್ಡ ದನಿ ಇದ್ದದ್ದು ನ್ಯೂಯಾರ್ಕ್ ಶಾಖೆಯ ಬೆಂಜಮಿನ್ ಸ್ಟ್ರಾಂಗ್‌ಗೆ. ಅವರು 1928ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆಮೇಲೆ ಯಾರ ಮಾತು ಯಾರು ಕೇಳಬೇಕು ಎನ್ನುವುದೇ ಗೊಂದಲವಾಯಿತು. ಬ್ಯಾಂಕುಗಳು ಒಂದರ ಮೇಲೊಂದು ಬೀಳುತ್ತಿದ್ದಾಗ ಈ ಸಂಸ್ಥೆ ಬಹುಮಟ್ಟಿಗೆ ನೋಡುತ್ತಾ ನಿಂತಿತು. ನಾಲ್ಕು ವರ್ಷದಲ್ಲಿ ದೇಶದಲ್ಲಿ ಓಡಾಡುತ್ತಿದ್ದ ಹಣ ಮೂರನೇ ಒಂದು ಭಾಗದಷ್ಟು ಕರಗಿತು. 1931ರ ಅಕ್ಟೋಬರಿನಲ್ಲಂತೂ, ದೇಶ ಉಸಿರಿಗೆ ಒದ್ದಾಡುತ್ತಿದ್ದಾಗ, ನ್ಯೂಯಾರ್ಕ್ ಶಾಖೆ ಬಡ್ಡಿದರವನ್ನು ಒಂದು ವಾರದ ಅಂತರದಲ್ಲಿ ಎರಡು ಸಲ ಏರಿಸಿ ಒಂದೂವರೆಯಿಂದ ಮೂರೂವರೆಗೆ ಒಯ್ದಿತು.

ಅರ್ಥಶಾಸ್ತ್ರಜ್ಞರಾದ ಮಿಲ್ಟನ್ ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಜ್ 1963ರಲ್ಲಿ ಈ ತಪ್ಪುಗಳನ್ನೆಲ್ಲಾ ಬಿಡಿಸಿ ಬರೆದರು. 2002ರಲ್ಲಿ ಫ್ರೀಡ್‌ಮನ್‌ರ 90ನೇ ಹುಟ್ಟುಹಬ್ಬದ ಸಮಾರಂಭದಲ್ಲಿ, ಆಗ ಅದೇ ಫೆಡರಲ್ ರಿಸರ್ವ್‌ನ ಮಂಡಳಿಯಲ್ಲಿದ್ದ ಬೆನ್ ಬರ್ನಾಂಕಿ ಎದ್ದು ನಿಂತು, ನೀವು ಹೇಳಿದ್ದು ಸರಿ, ಅದನ್ನು ಮಾಡಿದ್ದು ನಾವೇ, ಕ್ಷಮಿಸಿ ಎಂದರು. ಎಪ್ಪತ್ತು ವರ್ಷ ತಡವಾಗಿ ಬಂದ ಕ್ಷಮೆ. ಫೆಡರಲ್ ರಿಸರ್ವ್ ಹೆಸರಲ್ಲಿ ಕಂಬಳಿ ಇರಲಿಲ್ಲ, ಬಂಡಿ ಇರಲಿಲ್ಲ. ಮುಖ ಇಲ್ಲದ ಸಂಸ್ಥೆಯನ್ನು ಬೈಯುವುದು ಹೇಗೆ ಅಂತ ಜನಕ್ಕೆ ಗೊತ್ತಿಲ್ಲ.

ಬ್ಯಾಂಕುಗಳೇ ಅಷ್ಟು ಬಡಕಲಾಗಿದ್ದದ್ದೂ ಹೂವರ್ ಮಾಡಿದ್ದಲ್ಲ. ಒಂದು ಬ್ಯಾಂಕು ಬೇರೆ ಊರಲ್ಲಿ ಶಾಖೆ ತೆರೆಯದಂತೆ ಅನೇಕ ರಾಜ್ಯಗಳ ಕಾನೂನುಗಳು ತಡೆದಿದ್ದವು. ಹಾಗಾಗಿ ಊರಿಗೊಂದು ಪುಟಾಣಿ ಬ್ಯಾಂಕು. ಆ ಊರಿನ ಬೆಳೆ ಹೋದರೆ ಆ ಬ್ಯಾಂಕೂ ಹೋಯಿತು.

ಪಕ್ಕದ ಮನೆಯಲ್ಲಿ ಏನಾಯ್ತು

ಒಬ್ಬ ನಾಯಕನ ತಪ್ಪು ಎಷ್ಟು ಅಂತ ಅಳೆಯಲು ಒಳ್ಳೆಯ ದಾರಿ ಪಕ್ಕದ ದೇಶ ನೋಡುವುದು. ಕೆನಡಾದಲ್ಲಿ ಮಹಾ ಕುಸಿತದ ಕಾಲದಲ್ಲಿ ಒಂದು ಬ್ಯಾಂಕೂ ಮುಳುಗಲಿಲ್ಲ. ಅಲ್ಲಿ ಇದ್ದದ್ದೇ ಕೆಲವು ದೊಡ್ಡ ಬ್ಯಾಂಕುಗಳು, ದೇಶದ ತುಂಬ ಶಾಖೆಗಳು. ಆದರೂ ಕೆನಡಾ ಹೆಚ್ಚೂ ಕಡಿಮೆ ಅಮೆರಿಕದಷ್ಟೇ ಕೆಳಗೆ ಬಿತ್ತು. ಅಲ್ಲೂ ಜನ ಕಾರಿನ ಎಂಜಿನ್ ಕಿತ್ತು ಕುದುರೆ ಕಟ್ಟಿದರು. ಅದರ ಹೆಸರು ‘ಬೆನೆಟ್ ಬಂಡಿ’. ಆರ್. ಬಿ. ಬೆನೆಟ್ ಅಲ್ಲಿನ ಪ್ರಧಾನಿ. ಅವರು ಬಂದದ್ದು 1930ರ ಆಗಸ್ಟಿನಲ್ಲಿ, ಕುಸಿತ ಶುರುವಾಗಿ ಎಷ್ಟೋ ತಿಂಗಳಾದ ಮೇಲೆ! ಬಂಡಿ ಒಂದೇ, ಗಡಿ ದಾಟಿದರೆ ಹೆಸರು ಬೇರೆ. 1935ರಲ್ಲಿ ಅವರೂ ಮನೆಗೆ ಹೋದರು.

ಆಸ್ಟ್ರೇಲಿಯಾದ ಜೇಮ್ಸ್ ಸ್ಕಲಿನ್ ಪ್ರಧಾನಿಯಾಗಿ ಪ್ರಮಾಣ ವಚನ ತೆಗೆದುಕೊಂಡದ್ದು 1929ರ ಅಕ್ಟೋಬರ್ 22ರಂದು. ನ್ಯೂಯಾರ್ಕ್ ಪೇಟೆಯ ‘ಕಪ್ಪು ಗುರುವಾರ’ ಅಕ್ಟೋಬರ್ 24. ಎರಡು ದಿನ! ಪಾಪ, ಕುರ್ಚಿ ಬಿಸಿಯಾಗುವ ಮೊದಲೇ ಮನೆಗೆ ಬೆಂಕಿ. 1931ರ ಡಿಸೆಂಬರಿನಲ್ಲಿ ಜನ ಅವರನ್ನೂ ಇಳಿಸಿದರು. ಅವರು ಎಡದವರು, ಬೆನೆಟ್ ಮತ್ತು ಹೂವರ್ ಬಲದವರು. ಕುರ್ಚಿಯಲ್ಲಿ ಯಾರಿದ್ದರೋ ಅವರು ಹೋದರು, ಅಷ್ಟೇ.

ರಾಜಕೀಯ ಶಾಸ್ತ್ರದ ಕ್ರಿಸ್ಟೋಫರ್ ಏಕನ್ ಮತ್ತು ಲ್ಯಾರಿ ಬಾರ್ಟೆಲ್ಸ್ ಈ ಬಗ್ಗೆ ಒಂದು ತಮಾಷೆಯ ಉದಾಹರಣೆ ಕೊಟ್ಟಿದ್ದರು. 1916ರ ಜುಲೈನಲ್ಲಿ ನ್ಯೂಜರ್ಸಿ ಕಡಲತೀರದಲ್ಲಿ ಶಾರ್ಕ್ ದಾಳಿಗೆ ನಾಲ್ಕು ಜನ ಸತ್ತರು. ಪ್ರವಾಸಿಗರು ಓಡಿಹೋದರು, ವ್ಯಾಪಾರ ಬಿತ್ತು. ಆ ವರ್ಷದ ಚುನಾವಣೆಯಲ್ಲಿ ಕಡಲತೀರದ ಕಡೆ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಓಟು ಕಡಿಮೆಯಾಯಿತು ಎನ್ನುವುದು ಅವರ ವಾದ. ಲೆಕ್ಕ ಸರಿಯಿಲ್ಲ ಅಂತ ಬೇರೆ ಇಬ್ಬರು ಸಂಶೋಧಕರು ತಗಾದೆ ತೆಗೆದರು, ಆ ಜಗಳ ಇರಲಿ. ಶಾರ್ಕಿಗೂ ಅಧ್ಯಕ್ಷರಿಗೂ ಏನು ಸಂಬಂಧ ಅಂತ ನಗಬಹುದು. ಹೂವರ್ ಬೆಂಬಲಿಗರು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ: 1929ರದ್ದು ಒಂದು ದೊಡ್ಡ ಶಾರ್ಕ್.

ಆದರೆ ಪಕ್ಕದ ಮನೆಗಳನ್ನೇ ಇನ್ನಷ್ಟು ಹೊತ್ತು ನೋಡಿದರೆ ಈ ವಾದ ಸಡಿಲವಾಗುತ್ತದೆ. ಬಿದ್ದದ್ದು ಎಲ್ಲರೂ, ಎದ್ದದ್ದು ಮಾತ್ರ ಒಟ್ಟಿಗಲ್ಲ. ಆಗ ದೇಶಗಳು ತಮ್ಮ ನೋಟಿನ ಬೆಲೆಯನ್ನು ಚಿನ್ನಕ್ಕೆ ಕಟ್ಟಿದ್ದವು. ಚಿನ್ನ ಹೊರಗೆ ಹೋದರೆ ನೋಟೂ ಬಿಗಿ ಮಾಡಬೇಕು, ಬಡ್ಡಿ ಏರಿಸಬೇಕು. ಬ್ರಿಟನ್ 1931ರ ಸೆಪ್ಟೆಂಬರ್ 21ರಂದು ಈ ಹಗ್ಗ ಬಿಚ್ಚಿಕೊಂಡಿತು, ಸ್ವೀಡನ್ ಅದರ ಹಿಂದೆಯೇ. ಇಬ್ಬರೂ ಬೇಗ ಚೇತರಿಸಿಕೊಂಡರು. ಫ್ರಾನ್ಸ್ 1936ರವರೆಗೆ ಹಿಡಿದುಕೊಂಡು ಕೂತಿತು, ತಡವಾಗಿ ಎದ್ದಿತು. ಹೂವರ್ ಕೊನೆಯ ದಿನದವರೆಗೂ ಬಿಡಲಿಲ್ಲ. ಬರೀ ಬಿಡದಿದ್ದದ್ದಲ್ಲ, 1932ರ ಅಕ್ಟೋಬರಿನಲ್ಲಿ ಡೆ ಮೊಯ್ನ್ ನಗರದಲ್ಲಿ ಭಾಷಣ ಮಾಡುತ್ತಾ, ಇನ್ನೆರಡು ವಾರದಲ್ಲಿ ಚಿನ್ನದ ನಂಟು ಕಡಿದುಹೋಗುವ ಗಂಡಾಂತರವಿತ್ತು, ನಾವು ತಪ್ಪಿಸಿದೆವು ಎಂದು ಹೆಮ್ಮೆಯಿಂದ ಹೇಳಿಕೊಂಡರು. ಬ್ರಿಟನ್ ಬಿಟ್ಟು ಆಗಲೇ ವರ್ಷ ದಾಟಿತ್ತು. ನೋಡಿ ಕಲಿಯಲು ಸಮಯ ಇತ್ತು.

ಏನೂ ಮಾಡಲಿಲ್ಲವಾ?

ಹೂವರ್ ಮೇಲಿನ ದೊಡ್ಡ ಆರೋಪ ಸುಮ್ನೆ ಕೂತಿದ್ದರು ಅನ್ನುವುದು. ಇದು ಸುಳ್ಳು. ಸುಮ್ನೆ ಕೂರಿ ಅಂದವರು ಅವರ ಖಜಾನೆ ಸಚಿವ ಆಂಡ್ರೂ ಮೆಲನ್. ಕಾರ್ಮಿಕರು, ಷೇರು, ರೈತರು, ಜಮೀನು, ಎಲ್ಲಾ ಕರಗಿಹೋಗಲಿ, ಆಗ ಕೊಳೆ ತೊಳೆದುಹೋಗುತ್ತದೆ ಎನ್ನುವುದು ಮೆಲನ್ ಕೊಟ್ಟ ಸಲಹೆ ಅಂತ ಹೂವರ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅದನ್ನು ಅವರು ಕೇಳಲಿಲ್ಲ. 1929ರ ನವೆಂಬರಿನಲ್ಲೇ ದೊಡ್ಡ ಕೈಗಾರಿಕೋದ್ಯಮಿಗಳನ್ನು ಶ್ವೇತಭವನಕ್ಕೆ ಕರೆಸಿ, ಕೂಲಿ ಇಳಿಸಬೇಡಿ ಎಂದು ಮಾತು ತೆಗೆದುಕೊಂಡರು. ಬೆಲೆ ಬೀಳುತ್ತಿರುವಾಗ ಕೂಲಿ ಹಿಡಿದಿಟ್ಟದ್ದರಿಂದಲೇ ಕಂಪನಿಗಳು ಜಾಸ್ತಿ ಜನರನ್ನು ಕೆಲಸದಿಂದ ತೆಗೆದವು ಎಂದು ವಾದಿಸುವ ಅರ್ಥಶಾಸ್ತ್ರಜ್ಞರೂ ಇದ್ದಾರೆ. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಏನೂ ಮಾಡಲಿಲ್ಲ ಅನ್ನುವವರಿಗೆ ಅದೊಂದು ಉತ್ತರ.

1932ರ ಜನವರಿಯಲ್ಲಿ ಬ್ಯಾಂಕು, ರೈಲ್ವೆ ಕಂಪನಿಗಳಿಗೆ ಸಾಲ ಕೊಡಲು ಸರ್ಕಾರಿ ನಿಗಮವೊಂದು ಬಂತು. ಅಮೆರಿಕ ಶಾಂತಿಕಾಲದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದ ಡೆಮಾಕ್ರಟಿಕ್ ಪಕ್ಷದ ಜಾನ್ ಗಾರ್ನರ್ ಅವರಂತೂ ಹೂವರ್ ದೇಶವನ್ನು ಸಮಾಜವಾದದ ದಾರಿಗೆ ಎಳೆಯುತ್ತಿದ್ದಾರೆ ಎಂದರು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದೇ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಿ 1932ರ ಪ್ರಚಾರದಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗಿ, ಹೂವರ್ ವಿಪರೀತ ಖರ್ಚು ಮಾಡಿದ್ದಾರೆ, ನಾನು ಸರ್ಕಾರದ ಖರ್ಚನ್ನು ಶೇ 25ರಷ್ಟು ಇಳಿಸುತ್ತೇನೆ ಎಂದು ಮಾತು ಕೊಟ್ಟರು. ಆಮೇಲೆ ಅವರು ಎಷ್ಟು ಖರ್ಚು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತು. ಅಂತೂ ಒಂದೇ ಮನುಷ್ಯ, ಒಂದೇ ವರ್ಷ: ಜಾಸ್ತಿ ಮಾಡಿದರು ಅಂತಲೂ ಬೈಗುಳ, ಏನೂ ಮಾಡಲಿಲ್ಲ ಅಂತಲೂ ಬೈಗುಳ.

ಪೆನ್ನು ಅವರ ಕೈಯಲ್ಲಿದ್ದಾಗ

ಹಾಗಾದರೆ ತಪ್ಪು ಎಲ್ಲಿ? ಪೆನ್ನು ಬೇರೆ ಯಾರ ಕೈಯಲ್ಲೂ ಇಲ್ಲದೆ ಇವರ ಕೈಯಲ್ಲೇ ಇದ್ದ ದಿನಗಳಲ್ಲಿ ಹುಡುಕಬೇಕು.

1930ರ ಜೂನ್ 17ರಂದು ಸ್ಮೂಟ್-ಹಾಲೀ ಸುಂಕ ಕಾಯ್ದೆಗೆ ಹೂವರ್ ಸಹಿ ಹಾಕಿದರು. ಸಾವಿರಾರು ಆಮದು ಸಾಮಾನುಗಳ ಮೇಲೆ ಸುಂಕ ಏರಿತು. ರೈತರಿಗೆ ನೆರವಾಗಲಿ ಎಂದು ಇವರೇ ಶುರು ಮಾಡಿಸಿದ ಮಸೂದೆ ಅದು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಸಿಕ್ಕಿದ್ದನ್ನೆಲ್ಲಾ ಅದರೊಳಗೆ ತುರುಕಿತು. ಸೆನೆಟ್‌ನಲ್ಲಿ 44-42ರ ಅಂತರದಲ್ಲಿ ಪಾರಾಯಿತು. ಬೇಡ, ತಡೆಯಿರಿ ಎಂದು 1,028 ಅರ್ಥಶಾಸ್ತ್ರಜ್ಞರು ಸಹಿ ಹಾಕಿ ಮನವಿ ಕೊಟ್ಟಿದ್ದರು. ಅರ್ಥಶಾಸ್ತ್ರಜ್ಞರು ಅಷ್ಟು ಜನ ಒಂದೇ ಮಾತಿಗೆ ಬರುವುದು ಅಪರೂಪ, ಬಂದಾಗಲಾದರೂ ಕೇಳಬೇಕಿತ್ತು. ಕೆನಡಾ, ಯುರೋಪು ತಿರುಗಿ ಸುಂಕ ಹಾಕಿದವು. ಇದರಿಂದಲೇ ಮಹಾ ಕುಸಿತ ಬಂತು ಅನ್ನುವುದು ಉತ್ಪ್ರೇಕ್ಷೆ. ಅಮೆರಿಕದ ರಫ್ತು ಒಟ್ಟು ಉತ್ಪನ್ನದ ಶೇ 5ರ ಆಸುಪಾಸು ಇತ್ತು, ಅಷ್ಟರಿಂದ ಇಡೀ ದೇಶ ಮುಳುಗುವುದಿಲ್ಲ. ಆದರೆ ಗಾಯಕ್ಕೆ ಉಪ್ಪು ಹಾಕಿದ್ದಂತೂ ನಿಜ, ಅದೂ ಎಚ್ಚರಿಕೆ ಕೇಳಿದ ಮೇಲೆ.

1932ರ ಜೂನಿನಲ್ಲಿ ತೆರಿಗೆ ಕಾಯ್ದೆ. ಬಜೆಟ್ ಸರಿದೂಗಿಸಲೇಬೇಕು ಎಂದು ಮೇಲಿನ ಹಂತದ ಆದಾಯ ತೆರಿಗೆಯನ್ನು ಶೇ 25ರಿಂದ 63ಕ್ಕೆ ಏರಿಸಿದರು. ಅದರಲ್ಲೇ ಒಂದು ಸಣ್ಣ ಸಾಲು: ಬರೆಯುವ ಪ್ರತಿ ಚೆಕ್ಕಿಗೂ ಎರಡು ಸೆಂಟ್ ತೆರಿಗೆ. ಬ್ಯಾಂಕಿನಿಂದ ದುಡ್ಡು ತೆಗೆದು ಜನ ಹಾಸಿಗೆ ಕೆಳಗೆ ಇಡುತ್ತಿದ್ದ ಕಾಲದಲ್ಲಿ, ಚೆಕ್ಕು ಬರೆದರೆ ದಂಡ! ನಗದೇ ವಾಸಿ ಅಂತ ಜನಕ್ಕೆ ಸರ್ಕಾರವೇ ಹೇಳಿಕೊಟ್ಟ ಹಾಗಾಯಿತು. ಇಲ್ಲಿ ಹೂವರ್ ಒಬ್ಬರೇ ಅಲ್ಲ. ಬಜೆಟ್ ಸರಿದೂಗಬೇಕು ಎನ್ನುವುದರಲ್ಲಿ ವಿರೋಧ ಪಕ್ಷಕ್ಕೂ ತಕರಾರು ಇರಲಿಲ್ಲ. ಗಾರ್ನರ್ ಕೂಡ ತೆರಿಗೆ ಬೇಕು ಎಂದವರೇ. ಈ ತಪ್ಪನ್ನು ನಾನು ಇಡೀ ಪೀಳಿಗೆಯ ಖಾತೆಗೆ ಹಾಕುತ್ತೇನೆ.

ಅರ್ಕಾನ್ಸಾ ಸಂಗತಿಯನ್ನು ಮಾತ್ರ ಬೇರೆ ಯಾರ ಖಾತೆಗೂ ಹಾಕಲು ಆಗುವುದಿಲ್ಲ.

1930ರಲ್ಲಿ ದಕ್ಷಿಣದ ರಾಜ್ಯಗಳಿಗೆ ಕಡು ಬರ ಬಂತು. ಬೆಳೆ ಒಣಗಿತು, ಊರಿನ ಬ್ಯಾಂಕು ಮುಳುಗಿತು, ಕಿರಾಣಿ ಅಂಗಡಿ ಸಾಲ ನಿಲ್ಲಿಸಿತು. ಹೂವರ್ ಸರ್ಕಾರ ರೈತರಿಗೆ 4.5 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಯಾವುದಕ್ಕೆ? ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ದನಕರುಗಳ ಮೇವಿಗೆ. ಮನುಷ್ಯರ ಊಟಕ್ಕೆ ಅಲ್ಲ. ಹೇಸರಗತ್ತೆಗೆ ಮೇವು ಕೊಡ್ತೀರಿ, ಅದನ್ನು ಹೂಡುವವನ ಮಕ್ಕಳಿಗೆ ರೊಟ್ಟಿ ಯಾಕಿಲ್ಲ ಅಂತ ಕಾಂಗ್ರೆಸ್‌ನಲ್ಲಿ ದೊಡ್ಡ ಗಲಾಟೆಯೇ ಆಯಿತು. 1931ರ ಜನವರಿ 3ರಂದು ಅರ್ಕಾನ್ಸಾ ರಾಜ್ಯದ ಇಂಗ್ಲೆಂಡ್ ಎಂಬ ಸಣ್ಣ ಪಟ್ಟಣಕ್ಕೆ ನೂರಾರು ರೈತರು ನುಗ್ಗಿದರು. ಊಟ ಕೊಡಿ, ಇಲ್ಲದಿದ್ದರೆ ನಾವೇ ತಗೊಳ್ತೀವಿ ಎಂದರು. ಅಂಗಡಿಯವರು ಕೊಟ್ಟರು.

ಹೂವರ್‌ಗೆ ಹಸಿವು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಬೆಲ್ಜಿಯಂನಲ್ಲಿ ಊಟದ ಸಾಲಿನಲ್ಲಿ ನಿಂತ ಮಕ್ಕಳನ್ನು ಕಣ್ಣಾರೆ ಕಂಡವರು. ಇಡೀ ದೇಶಕ್ಕೆ ಊಟ ಮುಟ್ಟಿಸುವುದು ಹೇಗೆ ಅಂತ ಆಗ ಅವರಷ್ಟು ಗೊತ್ತಿದ್ದವರು ಜಗತ್ತಿನಲ್ಲಿ ಬಹುಶಃ ಯಾರೂ ಇರಲಿಲ್ಲ. ಅವರ ನಂಬಿಕೆ ಬೇರೆ ಇತ್ತು. ಕೇಂದ್ರ ಸರ್ಕಾರ ನೇರವಾಗಿ ಜನರ ಕೈಗೆ ಊಟ, ಕಾಸು ಕೊಟ್ಟರೆ ಅವರ ಸ್ವಂತ ಕಾಲು ದುರ್ಬಲವಾಗುತ್ತದೆ. ನೆರೆಹೊರೆ, ರೆಡ್‌ಕ್ರಾಸ್, ಊರಾಡಳಿತ ನೋಡಿಕೊಳ್ಳಬೇಕು ಎಂದು. ನಂಬಿಕೆ ಪ್ರಾಮಾಣಿಕವೇ. ಆದರೆ ಊರಾಡಳಿತದ ಬೊಕ್ಕಸ ಖಾಲಿ, ರೆಡ್‌ಕ್ರಾಸ್‌ಗೆ ತಾಳಲಾಗದ ಹೊರೆ. ಅದು ಕಣ್ಣಿಗೆ ಕಾಣುತ್ತಿತ್ತು. 1932ರ ಜೂನಿನಲ್ಲಿ ಚಿಕಾಗೋದ ಒಂದು ಬ್ಯಾಂಕಿಗೆ, ಅದೂ ಸಾಲ ಕೊಡುವ ನಿಗಮದ ಮುಖ್ಯಸ್ಥರಾಗಿದ್ದು ಆಗತಾನೆ ರಾಜೀನಾಮೆ ಕೊಟ್ಟ ಚಾರ್ಲ್ಸ್ ಡಾಸ್ ಅವರ ಬ್ಯಾಂಕಿಗೆ, ನಿಗಮದ 9 ಕೋಟಿ ಡಾಲರ್ ಸಾಲ ಸಿಕ್ಕಿತು. ಅರ್ಕಾನ್ಸಾದ ರೈತ ಈ ಎರಡೂ ಸುದ್ದಿಯನ್ನು ಒಂದೇ ಕಣ್ಣಲ್ಲಿ ಓದಿರುತ್ತಾನೆ, ಅಲ್ವಾ? ರಾಜ್ಯಗಳಿಗೆ ಪರಿಹಾರದ ಸಾಲವಾಗಿ 30 ಕೋಟಿ ಡಾಲರ್ ಕೊಡುವ ಕಾಯ್ದೆಗೆ ಹೂವರ್ ಸಹಿ ಬಿದ್ದದ್ದು ಆ ಜುಲೈನಲ್ಲಿ. ಅದಕ್ಕೂ ಹತ್ತು ದಿನ ಮೊದಲು ಅದಕ್ಕಿಂತ ದೊಡ್ಡ ಮಸೂದೆಯೊಂದನ್ನು ಇವರೇ ತಡೆದಿದ್ದರು.

ಸೇತುವೆಯ ಆಚೆ

1932ರ ಬೇಸಿಗೆಯಲ್ಲಿ ಮೊದಲ ಮಹಾಯುದ್ಧದ ಮಾಜಿ ಸೈನಿಕರು ಸಾವಿರಾರು ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಾಷಿಂಗ್‌ಟನ್‌ಗೆ ಬಂದು ಬಿಡಾರ ಹೂಡಿದರು. 1945ಕ್ಕೆ ಕೊಡುತ್ತೇವೆ ಎಂದಿದ್ದ ಬೋನಸ್ಸನ್ನು ಈಗಲೇ ಕೊಡಿ ಎನ್ನುವುದು ಅವರ ಬೇಡಿಕೆ. ಸೆನೆಟ್ 62-18ರಲ್ಲಿ ಬೇಡ ಎಂದಿತು. ಬಹಳ ಜನ ಆದರೂ ಕದಲಲಿಲ್ಲ. ಜುಲೈ 28ರಂದು ಪೊಲೀಸರ ಗುಂಡಿಗೆ ಇಬ್ಬರು ಮಾಜಿ ಸೈನಿಕರು ಬಲಿಯಾದರು. ಆಗ ಹೂವರ್ ಸೈನ್ಯ ಕರೆಸಿದರು. ಜನರಲ್ ಡಗ್ಲಸ್ ಮ್ಯಾಕ್‌ಆರ್ಥರ್ ಕುದುರೆ ಪಡೆ, ಟ್ಯಾಂಕು, ಅಶ್ರುವಾಯು ಸಮೇತ ಬಂದರು. ಸೇತುವೆ ದಾಟಿ ಅನಕೋಸ್ಟಿಯಾದ ದೊಡ್ಡ ಬಿಡಾರಕ್ಕೆ ಹೋಗಬೇಡಿ ಎಂದು ಹೂವರ್ ಹೇಳಿ ಕಳಿಸಿದ್ದರು. ಮ್ಯಾಕ್‌ಆರ್ಥರ್ ದಾಟಿದರು. ಬಿಡಾರ ಸುಟ್ಟು ಹೋಯಿತು.

ಇಲ್ಲಿ ಕಾನೂನಿನ ಲೆಕ್ಕದಲ್ಲಿ ಮಾತು ಮೀರಿದ್ದು ಜನರಲ್. ಆದರೆ ಹೂವರ್ ಅವರನ್ನು ಬಹಿರಂಗವಾಗಿ ಗದರಿಸಲಿಲ್ಲ, ನಡೆದದ್ದಕ್ಕೆ ತಾವೇ ತಲೆ ಕೊಟ್ಟರು. ತಲೆ ಕೊಟ್ಟ ಮೇಲೆ ಹೊಣೆ ಅವರದ್ದೇ. ಇದರ ಜೊತೆಗೆ ಇನ್ನೊಂದು ಸಂಗತಿ ಇಟ್ಟು ನೋಡಿ. ಮುಂದಿನ ವರ್ಷ ಮಾಜಿ ಸೈನಿಕರು ಮತ್ತೆ ಬಂದರು. ರೂಸ್‌ವೆಲ್ಟ್‌ಗೂ ಬೋನಸ್ ಕೊಡಲು ಇಷ್ಟ ಇರಲಿಲ್ಲ, ಮುಂದೆ ಎರಡು ಸಲ ಆ ಮಸೂದೆಯನ್ನು ತಡೆದವರು ಅವರು. ಆದರೆ ಬಂದವರಿಗೆ ಉಳಿಯಲು ಜಾಗ ಕೊಟ್ಟರು, ಊಟ ಹಾಕಿಸಿದರು. ಪತ್ನಿ ಎಲಿನಾರ್ ಖುದ್ದಾಗಿ ಹೋಗಿ ಮಾತಾಡಿಸಿದರು. ಬೋನಸ್ ಇಬ್ಬರೂ ಕೊಡಲಿಲ್ಲ. ಜನ ಒಬ್ಬರನ್ನು ಮಾತ್ರ ಕ್ಷಮಿಸಿದರು.

ನಾಲ್ಕು ತಿಂಗಳು ಯಾರದ್ದು?

1932ರ ನವೆಂಬರಿನ ಚುನಾವಣೆಯಲ್ಲಿ ಹೂವರ್ ರೂಸ್‌ವೆಲ್ಟ್ ಎದುರು 472-59 ಎಲೆಕ್ಟೋರಲ್ ಮತಗಳಲ್ಲಿ ಸೋತರು. ಗೆದ್ದದ್ದು ಆರೇ ರಾಜ್ಯ. ಆಗ ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬರುತ್ತಿದ್ದದ್ದು ಮಾರ್ಚ್ 4ಕ್ಕೆ. ನಡುವಿನ ನಾಲ್ಕು ತಿಂಗಳಲ್ಲಿ ಬ್ಯಾಂಕುಗಳು ಮತ್ತೆ ಉದುರಿದವು. ಫೆಬ್ರವರಿ 14ರಂದು ಮಿಷಿಗನ್ ರಾಜ್ಯ ತನ್ನ ಎಲ್ಲ ಬ್ಯಾಂಕುಗಳಿಗೆ ಬೀಗ ಹಾಕಿತು.

ಫೆಬ್ರವರಿ 18ರಂದು ಹೂವರ್, ಜನಕ್ಕೆ ಧೈರ್ಯ ಹೇಳುವ ಹೇಳಿಕೆ ಕೊಡಿ ಎಂದು ರೂಸ್‌ವೆಲ್ಟ್‌ಗೆ ಪತ್ರ ಬರೆದರು. ರೂಸ್‌ವೆಲ್ಟ್ ಹತ್ತು ದಿನಕ್ಕೂ ಹೆಚ್ಚು ಉತ್ತರಿಸಲಿಲ್ಲ. ಇದಕ್ಕೆ ರೂಸ್‌ವೆಲ್ಟ್‌ರನ್ನು ಬೈಯುವವರಿದ್ದಾರೆ, ಸ್ವಲ್ಪ ಬೈಯಬೇಕಾದದ್ದೇ. ಆದರೆ ಹೂವರ್ ಕೇಳಿದ ಹೇಳಿಕೆಯ ಒಳಗೆ ಒಂದು ಗಂಟಿತ್ತು. ರೂಸ್‌ವೆಲ್ಟ್ ಅದನ್ನು ಹೇಳಿದರೆ ತಮ್ಮ ಕಾರ್ಯಕ್ರಮವನ್ನೇ ಕೈಬಿಟ್ಟು ನಮ್ಮದನ್ನು ಒಪ್ಪಿಕೊಂಡ ಹಾಗೆ ಎಂದು ಹೂವರ್ ತಮ್ಮ ಪಕ್ಷದ ಒಬ್ಬ ಸೆನೆಟರ್‌ಗೆ ಬರೆದುಕೊಂಡಿದ್ದರು. ಸೋತವರು ಗೆದ್ದವರಿಗೆ ಹಾಕಿದ ಷರತ್ತು.

ಬ್ಯಾಂಕುಗಳನ್ನೆಲ್ಲಾ ಕೆಲವು ದಿನ ಮುಚ್ಚಿಸುವ ಅಧಿಕಾರ 1917ರ ಒಂದು ಯುದ್ಧಕಾಲದ ಕಾಯ್ದೆಯಲ್ಲಿ ಇದೆ ಎಂದು ಹೂವರ್‌ಗೂ ಸಲಹೆ ಬಂದಿತ್ತು. ಕಾನೂನಿನ ಅನುಮಾನ ಅಂತ ಅವರು ಬಳಸಲಿಲ್ಲ. ರೂಸ್‌ವೆಲ್ಟ್ ಅದೇ ಕಾಯ್ದೆ ಹಿಡಿದು ಮಾರ್ಚ್ 6ರಂದು ದೇಶದ ಎಲ್ಲ ಬ್ಯಾಂಕುಗಳನ್ನು ಮುಚ್ಚಿಸಿದರು. ಮಾರ್ಚ್ 9ರಂದು ಪಾಸಾದ ತುರ್ತು ಬ್ಯಾಂಕಿಂಗ್ ಕಾಯ್ದೆಯನ್ನು ಬರೆಯುವುದರಲ್ಲಿ ದೊಡ್ಡ ಕೈ ಹೂವರ್ ಕಾಲದ ಖಜಾನೆ ಅಧಿಕಾರಿಗಳದ್ದೇ. ಮಾರ್ಚ್ 13ರಿಂದ ಗಟ್ಟಿಯಾದ ಬ್ಯಾಂಕುಗಳು ತೆರೆದವು. ಜನ ಸಾಲು ನಿಂತರು, ದುಡ್ಡು ತೆಗೆಯಲು ಅಲ್ಲ, ಕಟ್ಟಲು. ಏಪ್ರಿಲ್‌ನಲ್ಲಿ ಚಿನ್ನದ ಹಗ್ಗವೂ ಬಿಚ್ಚಿತು. ಮಾರ್ಚಿನಿಂದ ಜುಲೈವರೆಗೆ ಕಾರ್ಖಾನೆಗಳ ಉತ್ಪಾದನೆ ಅರ್ಧಕ್ಕೂ ಹೆಚ್ಚು ಏರಿತು.

ಅದೇ ಕಾನೂನು, ಅದೇ ಅಧಿಕಾರಿಗಳು, ಅದೇ ಬ್ಯಾಂಕುಗಳು. ಅಧ್ಯಕ್ಷರಿಂದ ಏನಾಗುತ್ತೆ ಅನ್ನುವವರ ಮುಂದೆ ನಾನು ಇಡುವುದು ಈ ನಾಲ್ಕು ತಿಂಗಳನ್ನು. 1929ರ ಕುಸಿತದಲ್ಲಿ ಹೂವರ್ ಪಾಲು ತೀರಾ ಸಣ್ಣದು. 1931ರ ಕೊನೆಯಿಂದ 1933ರ ಮಾರ್ಚ್‌ವರೆಗಿನ ಪಾಲು ಸಣ್ಣದಲ್ಲ. ಬೀಗ ತೆಗೆಯುವ ಕೀಲಿ ಕೈಯಲ್ಲಿತ್ತು, ತೆಗೆಯಿರಿ ಎನ್ನುವವರು ಪಕ್ಕದಲ್ಲಿದ್ದರು, ತೆಗೆದು ತೋರಿಸಿದ ದೇಶಗಳು ಎದುರಿಗಿದ್ದವು. ಕಂಬಳಿಯಲ್ಲಿ ಸುತ್ತಿದ ಆರೋಪ ಅರ್ಧ ಸುಳ್ಳು. ಆದರೆ ಅವರನ್ನು ಇಳಿಸಿದ ತೀರ್ಪು ತಪ್ಪಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಅಣೆಕಟ್ಟಿನ ಹೆಸರು

ಕೊಲೊರಾಡೊ ನದಿಗೆ ಕಟ್ಟಿದ ದೊಡ್ಡ ಅಣೆಕಟ್ಟು ಒಂದಿದೆ. ಅದನ್ನು ಕಟ್ಟುವ ಕಾನೂನಿಗೆ ಸಹಿ ಹಾಕಿದ್ದು 1928ರಲ್ಲಿ ಕ್ಯಾಲ್ವಿನ್ ಕೂಲಿಜ್. ನದಿ ನೀರು ಹಂಚುವ 1922ರ ಒಪ್ಪಂದದ ಸಭೆಗಳನ್ನು ನಡೆಸಿಕೊಟ್ಟವರು ಹೂವರ್. ಕೆಲಸ ಶುರುವಾದದ್ದು ಅವರ ಕಾಲದಲ್ಲಿ. 1930ರ ಸೆಪ್ಟೆಂಬರಿನಲ್ಲಿ ಅವರ ಸಚಿವರೇ ಅದಕ್ಕೆ ‘ಹೂವರ್ ಡ್ಯಾಂ’ ಎಂದು ಹೆಸರಿಟ್ಟರು. ಕುರ್ಚಿಯಲ್ಲಿ ಇರುವವರ ಹೆಸರನ್ನೇ ಇಡುವ ಆತುರ ಬೇಕಿತ್ತಾ, ಗೊತ್ತಿಲ್ಲ. 1933ರಲ್ಲಿ ರೂಸ್‌ವೆಲ್ಟ್ ಸಚಿವ ಹೆರಾಲ್ಡ್ ಇಕಿಸ್ ಅದನ್ನು ‘ಬೌಲ್ಡರ್ ಡ್ಯಾಂ’ ಮಾಡಿದರು. 1935ರ ಸೆಪ್ಟೆಂಬರ್ 30ರಂದು ರೂಸ್‌ವೆಲ್ಟ್ ಅಲ್ಲಿಗೆ ಹೋಗಿ ಉದ್ಘಾಟನೆಯ ಭಾಷಣ ಮಾಡಿದರು. ಹೂವರ್ ಹೆಸರು ಎತ್ತಲಿಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಯುರೋಪು ಮತ್ತೆ ಹಸಿದಿತ್ತು. ಡೆಮಾಕ್ರಟಿಕ್ ಪಕ್ಷದ ಹ್ಯಾರಿ ಟ್ರೂಮನ್ ಆಗ ಅಧ್ಯಕ್ಷರು. 1946ರಲ್ಲಿ ಅವರು ಊಟದ ಲೆಕ್ಕ ಹಾಕಿಕೊಡಿ ಎಂದು ಎಪ್ಪತ್ತು ದಾಟಿದ ಹೂವರ್‌ರನ್ನು ಕರೆಸಿ ದೇಶ ದೇಶ ಸುತ್ತಲು ಕಳಿಸಿದರು. ಮರುವರ್ಷ ಏಪ್ರಿಲ್ 30ರಂದು ಅಣೆಕಟ್ಟಿಗೆ ಹಳೇ ಹೆಸರನ್ನು ವಾಪಸ್ ಕೊಡುವ ಕಾನೂನಿಗೆ ಸಹಿ ಹಾಕಿದವರೂ ಟ್ರೂಮನ್ನೇ.